ಬಿಳಿ ಐದರಲ್ಲಿ ಹಾಡುವ ಟ್ರಾನ್ಸ್‌ಫಾರ್ಮರ್

ಮಳೆ ಒಂದು ಗಳಿಗೆ ಬಿಟ್ಟು, ಕಪ್ಪೆಗಳು ಇನ್ನೂ ಶುರು ಮಾಡದ ಹೊತ್ತಿನಲ್ಲಿ ನಮ್ಮ ಮನೆಯ ತಿರುವಿನ ಟ್ರಾನ್ಸ್‌ಫಾರ್ಮರ್ ಸ್ಪಷ್ಟವಾಗಿ ಕೇಳುತ್ತದೆ. ಗುಂಯ್ ಎನ್ನುವ ಒಂದೇ ಸ್ವರ. ಏರುವುದಿಲ್ಲ, ಇಳಿಯುವುದಿಲ್ಲ, ನಡುವೆ ಉಸಿರು ತೆಗೆದುಕೊಳ್ಳುವುದೂ ಇಲ್ಲ. ಹೋದ ವರ್ಷ ಒಂದು ಸಂಜೆ ಹಾರ್ಮೋನಿಯಂ ಜಗಲಿಗೆ ತಂದು ಕೆಳಗಿನ ಸಪ್ತಕದ ಐದನೆಯ ಬಿಳಿ ಮನೆಯನ್ನು, ಅಂದರೆ ಬಿಳಿ ಐದನ್ನು, ಒತ್ತಿ ಹಿಡಿದೆ. ಎರಡು ಧ್ವನಿಯೂ ಒಂದಕ್ಕೊಂದು ತಾಗಿ, ಸೆಕೆಂಡಿಗೆ ಎರಡು ಸಲದಂತೆ ಉಬ್ಬಿ ಇಳಿಯತೊಡಗಿದವು. ದಕ್ಕೆಗೆ ಕಟ್ಟಿದ ದೋಣಿ ಅಲೆಗೆ ಏಳುತ್ತ ಬೀಳುತ್ತ ಇರುತ್ತದಲ್ಲ, ಹಾಗೆ.

ಇದಕ್ಕೆ ಕಾರಣ ಸರಳ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಒಂದೊಂದು ಆವರ್ತಕ್ಕೂ ಟ್ರಾನ್ಸ್‌ಫಾರ್ಮರ್ ಒಳಗಿನ ಕಬ್ಬಿಣದ ತಗಡುಗಳು ಕಣ್ಣಿಗೆ ಕಾಣದಷ್ಟು ಎರಡೆರಡು ಸಲ ಹಿಗ್ಗಿ ಕುಗ್ಗುತ್ತವೆ. ಒಟ್ಟು ಸೆಕೆಂಡಿಗೆ 100 ಕಂಪನ. ಸರಿಯಾಗಿ ಶ್ರುತಿ ಮಾಡಿದ ಹಾರ್ಮೋನಿಯಂನಲ್ಲಿ ಆ ಬಿಳಿ ಐದು 98 ಕಂಪನಕ್ಕೆ ನಿಲ್ಲುತ್ತದೆ. ನಡುವಿನ ಎರಡು ಕಂಪನದ ವ್ಯತ್ಯಾಸವೇ ನಾನು ಕೇಳಿದ ಆ ತೂಗಾಟ. ತಂಬೂರಿಯ ತಂತಿ ಬಿಗಿಯುವವರು, ಮದ್ದಲೆಯ ಬಾರು ಎಳೆಯುವವರು ಕಿವಿಯಲ್ಲಿ ಹಿಡಿಯುವುದೂ ಇದನ್ನೇ. ತೂಗಾಟ ನಿಧಾನವಾಗಿ, ಕೊನೆಗೆ ನಿಂತಾಗ ಶ್ರುತಿ ಕೂಡಿತು ಎಂದು ಲೆಕ್ಕ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈ ಶ್ರುತಿಯ ಮಾತು ಯಾರಿಗೂ ಹೊಸದಲ್ಲ. 2018ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ತಾಲ್ಲೂಕುಗಳಾದವು, ಆದರೆ ಯಕ್ಷಗಾನದ ಆಟದ ಮರುಳು ಒಂದೇ. ಒಂದು ಸಾಲು ಹಾಡಲು ಬಾರದವರೂ ಇಲ್ಲಿ ಚೌಕಿಯ ಬದಿಯಲ್ಲಿ ನಿಂತು, 'ಇವತ್ತು ಭಾಗವತರು ಕಪ್ಪು ಮೂರಾ, ಬಿಳಿ ಐದಾ' ಎಂದು ವಿಚಾರಿಸುತ್ತಾರೆ. ಶ್ರುತಿಯನ್ನು ಹೀಗೆ ಮಾತಿನಲ್ಲಿ ಇಟ್ಟುಕೊಂಡ ಜನಕ್ಕೆ ಹೊಸ ಕಾಲದ ಒಂದು ವಾದ್ಯದ ಪರಿಚಯ ಮಾಡಿಕೊಡಬೇಕೆಂದು ಬಹಳ ದಿನದಿಂದ ಅನಿಸುತ್ತಿತ್ತು. ಅದರ ಹೆಸರು ಮಾಡ್ಯುಲರ್ ಸಿಂಥಸೈಜರ್.

ನೋಡಲು ಅದು ವಾದ್ಯದ ಹಾಗಿಲ್ಲ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯ ಹಾಗಿದೆ. ಸಾಲು ಸಾಲು ಅಲ್ಯೂಮಿನಿಯಂ ಪಟ್ಟಿ, ಅವುಗಳ ಮೇಲೆ ತಿರುಪು, ತೂತು, ಪುಟ್ಟ ದೀಪ. ಒಂದೊಂದು ಪಟ್ಟಿಗೂ ಒಂದೊಂದೇ ಕೆಲಸ. ಆಸಿಲೇಟರ್ ಎನ್ನುವುದು ಧ್ವನಿ ಹುಟ್ಟಿಸುತ್ತದೆ. ಫಿಲ್ಟರ್ ಜರಡಿಯ ಕೆಲಸ ಮಾಡುತ್ತದೆ: ಒರಟು ಧ್ವನಿಯಲ್ಲಿ ಬೇಕಾದಷ್ಟನ್ನು ಉಳಿಸಿ ಬೇಡದ್ದನ್ನು ಸೋಸುತ್ತದೆ. ಎನ್ವಲಪ್ ಎಂಬುದು ಪೆಟ್ಟಿನ ರೂಪವನ್ನು ಗೊತ್ತುಮಾಡುತ್ತದೆ. ಚಂಡೆಯ ಪೆಟ್ಟು ತಟ್ಟನೆ ಹುಟ್ಟಿ ತಟ್ಟನೆ ಸಾಯುತ್ತದೆ, ಹಾರ್ಮೋನಿಯಂ ಸ್ವರ ತಿದಿ ಒತ್ತುವಷ್ಟು ಹೊತ್ತೂ ನಿಲ್ಲುತ್ತದೆ. ಈ ಎರಡರ ವ್ಯತ್ಯಾಸ ಇರುವುದು ಅಲ್ಲಿ. ಸೀಕ್ವೆನ್ಸರ್ ಎನ್ನುವುದು ಸ್ವರಗಳನ್ನು ಸಾಲಾಗಿ ಕರೆಯುತ್ತದೆ. ಇವೆಲ್ಲವಕ್ಕೂ ಕಾಲ ಹಾಕಿಕೊಡುವ ಇನ್ನೊಂದು ಪಟ್ಟಿಯನ್ನು ಕ್ಲಾಕ್ ಎನ್ನುತ್ತಾರೆ. ಹಿಮ್ಮೇಳದಲ್ಲಿ ಭಾಗವತರ ಕೈತಾಳಕ್ಕೆ ಇರುವ ಸ್ಥಾನ ಇದರದ್ದು.

ಪಟ್ಟಿಗಳನ್ನು ಒಂದರಿಂದೊಂದಕ್ಕೆ ಜೋಡಿಸುವುದು ಗೇಣುದ್ದದ ವಯರುಗಳು. ಹೀಗೆ ಜೋಡಿಸುವ ಕೆಲಸಕ್ಕೆ ಪ್ಯಾಚ್ ಮಾಡುವುದು ಎಂಬ ಹೆಸರು. ಇದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಗದ್ದೆ. ತೋಡಿನ ನೀರು ಒಂದೇ. ಯಾವ ಅಂಚನ್ನು ಎಲ್ಲಿ ಕಡಿದಿರಿ, ಎಲ್ಲಿ ಕೆಸರು ಮೆತ್ತಿ ಮುಚ್ಚಿದಿರಿ ಎನ್ನುವುದರ ಮೇಲೆ ಯಾವ ಗದ್ದೆಗೆ ಎಷ್ಟು ನೀರು ಎಂಬುದು ನಿಶ್ಚಯವಾಗುತ್ತದೆ. ಇಲ್ಲಿ ನೀರಿನ ಬದಲಿಗೆ ವೋಲ್ಟೇಜು ಹರಿಯುತ್ತದೆ. ಒಂದು ವೋಲ್ಟು ಹೆಚ್ಚಾದರೆ ಸ್ವರ ಒಂದು ಸಪ್ತಕ ಮೇಲೇರಬೇಕು ಎನ್ನುವುದು ಬಹುಪಾಲು ಎಲ್ಲರೂ ಒಪ್ಪಿಕೊಂಡ ನಿಯಮ. ಹಾಗಾಗಿ ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ವೋಲ್ಟಿನ ಹನ್ನೆರಡನೇ ಒಂದು ಭಾಗ ಸಾಕು. ನಡುವಿನ ಎಲ್ಲ ಜಾಗವೂ ತೆರೆದೇ ಇರುತ್ತದೆ. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಗೋಡೆಯಿದೆ, ಇಲ್ಲಿ ಇಲ್ಲ. ಗಮಕಕ್ಕೆ ಒಗ್ಗಿದ ಕಿವಿಗೆ ಇದು ಸಣ್ಣ ಸಂಗತಿಯಲ್ಲ.

ಧ್ವನಿ ಬೇರೆ, ಧ್ವನಿಯನ್ನು ಆಡಿಸುವ ಕೈ ಬೇರೆ ಎಂಬ ವಿಂಗಡಣೆ ಈ ಯಂತ್ರದ ಜೀವ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ನಾಗಾರಾಧನೆಯ ನಾಗಮಂಡಲದಲ್ಲಿ, ಅದನ್ನು ನಡೆಸಿಕೊಡುವ ವೈದ್ಯರ ಕೈಯ ಡಕ್ಕೆಯನ್ನು ಕೇಳಿದವರಿಗೆ ಗೊತ್ತು. ನಡು ಸಣ್ಣಗಿರುವ ಆ ವಾದ್ಯದಲ್ಲಿ ಪೆಟ್ಟು ಒಂದು ಕೆಲಸ, ಹುರಿ ಬಿಗಿಯುವುದು ಇನ್ನೊಂದು ಕೆಲಸ. ಬಿಗಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ, ಮಂಡಲದ ಸುತ್ತ ಆ ಬಾಗುವ ಸ್ವರ ಮಾತನಾಡಿದ ಹಾಗೆ ಕೇಳುತ್ತದೆ. ಬಿಗಿಯುವ ಆ ಕೈಯನ್ನು ಪ್ರತ್ಯೇಕವಾಗಿ ತೆಗೆದು, ಅದರ ಜಾಗಕ್ಕೆ ಇನ್ನೊಂದು ನಿಧಾನದ ಅಲೆಯನ್ನೋ, ಗಾಳಿಯ ವೇಗವನ್ನೋ, ಬೆಳಕಿನ ಏರಿಳಿತವನ್ನೋ ಇಡಬಹುದು ಎಂದರೆ ಅದೇ ಮಾಡ್ಯುಲರ್.

ಈ ಯಂತ್ರದ ಹುಟ್ಟು ಅಮೆರಿಕದಲ್ಲಿ. 1960ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೂಗ್, ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದನ್ನು ಕಟ್ಟಿದರು. ಮೂಗ್ ಯಂತ್ರಕ್ಕೆ ಪಿಯಾನೋದ ಮನೆಗಳನ್ನು ಜೋಡಿಸಿದರು. ಬುಕ್ಲಾ ಅದನ್ನು ಒಪ್ಪಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ಮನೆಗಳೇಕೆ ಎಂಬುದು ಅವರ ವಾದ, ಬೆರಳಿನ ಸ್ಪರ್ಶಕ್ಕೆ ಸ್ಪಂದಿಸುವ ತಗಡುಗಳನ್ನಿಟ್ಟರು. ಗೆದ್ದದ್ದು ಮೂಗ್ ದಾರಿ, ಆದರೆ ನನ್ನ ಮನಸ್ಸು ಬುಕ್ಲಾ ಕಡೆಗೆ. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಯೂರೋರ‍್ಯಾಕ್ ಎಂಬ ಸಣ್ಣ ಅಳತೆಯನ್ನು ತಂದ ಮೇಲೆ ಯಾರು ಮಾಡಿದ ಪಟ್ಟಿಯನ್ನೂ ಯಾರದ್ದಕ್ಕೂ ಜೋಡಿಸುವಂತಾಯಿತು. ಪಟ್ಟಿಯ ಎತ್ತರ 128.5 ಮಿಲಿಮೀಟರ್, ಅಂಗೈಗಿಂತ ಒಂದಿಷ್ಟು ಉದ್ದ. ಇಂದು ಲೋಕದಲ್ಲಿ ಹೆಚ್ಚು ನಡೆಯುವುದು ಇದೇ ಅಳತೆ.

ಭಾರತಕ್ಕೆ ಮಾಡ್ಯುಲರ್ ಬಂದ ಕತೆ ಅಚ್ಚರಿಯದ್ದು. 1969ರಲ್ಲಿ, ಮೂಗ್ ಯಂತ್ರ ಅಮೆರಿಕದಲ್ಲೇ ಇನ್ನೂ ಹೊಸತಾಗಿದ್ದಾಗ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ತೆರೆಯಿತು. ಯಂತ್ರವನ್ನು ತಂದು ಕೂರಿಸಿದವರು ಸಂಯೋಜಕ ಡೇವಿಡ್ ಟ್ಯೂಡರ್. ಇದರ ಹಿಂದೆ ಇದ್ದವರು ಗೀತಾ ಸಾರಾಭಾಯಿ. ಪಖಾವಾಜ್ ನುಡಿಸುತ್ತಿದ್ದ ಈ ಹೆಣ್ಣುಮಗಳು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ, ಜಾನ್ ಕೇಜ್ ಎಂಬ ಸಂಯೋಜಕರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಸಂಗೀತ ಏತಕ್ಕೆ ಎಂದು ಕೇಜ್ ಕೇಳಿದಾಗ, ಮನಸ್ಸನ್ನು ತಿಳಿಗೊಳಿಸಲಿಕ್ಕೆ ಎಂದು ತನ್ನ ಗುರು ಹೇಳಿದ್ದನ್ನು ಅವರು ಮುಟ್ಟಿಸಿದರಂತೆ. ಕೇಜ್ ಬದುಕಿಡೀ ಆ ಮಾತನ್ನು ನೆನೆಯುತ್ತಿದ್ದರು. ಅಹಮದಾಬಾದಿನ ಸ್ಟುಡಿಯೊದಲ್ಲಿ ಗೀತಾ ಅವರ ಜೊತೆ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಇನ್ನೂ ಎಳೆಯ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರ ಕೆಲಸ ಮಾಡಿದರು. ಮೂರು ನಾಲ್ಕು ವರ್ಷದಲ್ಲಿ ಅದು ನಿಂತುಹೋಯಿತು. ಆಮೇಲೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕಡೆಗೆ ಎಲೆಕ್ಟ್ರಾನಿಕ್ ಧ್ವನಿ ಬಂದ ದಾರಿ ಬೇರೆ. ಅದು ಬಂದದ್ದು ಶ್ರುತಿಪೆಟ್ಟಿಗೆಯಾಗಿ.

ಹಿಂದೆ ಯಕ್ಷಗಾನದ ಹಿಮ್ಮೇಳದಲ್ಲಿ ಶ್ರುತಿಗೆ ಪುಂಗಿ ಇತ್ತು. ಸೋರೆಬುರುಡೆಗೆ ಕೊಳವೆ ಸಿಕ್ಕಿಸಿ, ಮೂಗಿನಲ್ಲಿ ಉಸಿರೆಳೆಯುತ್ತ ಬಾಯಲ್ಲಿ ಬಿಡುತ್ತ, ಇಡೀ ರಾತ್ರಿ ಒಂದೇ ಸ್ವರವನ್ನು ಕಡಿಯದೆ ಹಿಡಿಯುವ ಒಬ್ಬ ಮನುಷ್ಯ ಇದ್ದ. ಆಮೇಲೆ ಹಾರ್ಮೋನಿಯಂ ಬಂತು. ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯ ಹೊತ್ತಿಗೆ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮಾಡತೊಡಗಿದರು. ಅಂಥ ಪೆಟ್ಟಿಗೆಗಳು ಮೆಲ್ಲಗೆ ಬಯಲಾಟದ ರಂಗಸ್ಥಳಕ್ಕೂ ಬಂದವು. ಈಗ ಮೊಬೈಲ್ ಫೋನೇ ಶ್ರುತಿ ಹಿಡಿಯುತ್ತದೆ. ಶ್ರುತಿ ಎಂದೂ ಜಾರುವುದಿಲ್ಲ, ಕಲಾವಿದರಿಗೆ ಅನುಕೂಲ ಎಂಬುದು ನಿಜ. ಒಬ್ಬ ಮನುಷ್ಯನ ಜಾಗ ಹೋಯಿತು ಎಂಬುದೂ ನಿಜ. ಪುಂಗಿಯವನ ಉಸಿರಿನಲ್ಲಿ ಇದ್ದ ಸಣ್ಣ ನಡುಕ, ಬೆಳಗಿನ ಜಾವಕ್ಕೆ ಅದು ದಣಿಯುವ ರೀತಿ ಯಾವ ಪೆಟ್ಟಿಗೆಯಲ್ಲೂ ಬರಲಿಲ್ಲ. ಬಂದಿದ್ದರೂ ಅದನ್ನು ದೋಷ ಎಂದು ತಿದ್ದುತ್ತಿದ್ದರು.

ಅಂದರೆ ನಾವು ಈ ತಂತ್ರವನ್ನು ಸುಮಾರು ಐವತ್ತು ವರ್ಷದಿಂದ ಬಳಸುತ್ತಿದ್ದೇವೆ. ಶ್ರುತಿಪೆಟ್ಟಿಗೆಯ ಒಳಗಿರುವುದೂ ಆಸಿಲೇಟರೇ. ಹಾಡಿಗೆ ಆಸರೆಯಾಗಿ ಅದನ್ನು ಮೂಲೆಯಲ್ಲಿ ಕೂರಿಸಿದೆವು, ಅದನ್ನೇ ಹತ್ತಿರದಿಂದ ಕೇಳಲಿಲ್ಲ. ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತ ಎಂದು ಲೋಕದಲ್ಲಿ ಯಾವುದನ್ನು ಕರೆಯುತ್ತಾರೋ ಅದು ಶುರುವಾಗುವುದು ಆ ಕೇಳ್ಮೆಯಿಂದ. ರಾಗ, ಸಾಹಿತ್ಯ, ಕತೆ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಧ್ವನಿಯ ಒಳಗೆ ಏನೇನಿದೆ ಎಂದು ನೋಡುವುದು. ಸಿ.ವಿ. ರಾಮನ್ 1920ರಲ್ಲಿ 'ನೇಚರ್' ಪತ್ರಿಕೆಗೆ ಬರೆದದ್ದು ಇಂಥ ಕೇಳ್ಮೆಯಿಂದಲೇ. ಸಾಮಾನ್ಯ ಚರ್ಮವಾದ್ಯ ಬರೀ ಸದ್ದು ಮಾಡುತ್ತದೆ, ನಮ್ಮ ಮೃದಂಗ, ತಬಲಗಳು ಮಾತ್ರ ಸ್ವರ ಹಿಡಿಯುತ್ತವೆ, ಇದು ಹೇಗೆ ಎಂದು ಅವರು ಹುಡುಕಿದರು. ಚರ್ಮದ ನಡುವೆ ಹಾಕುವ ಕಪ್ಪು ಕರಣೆಯ ಭಾರದಿಂದ ಮೇಲಿನ ಕಂಪನಗಳು ಮೂಲ ಸ್ವರದ ಎರಡರಷ್ಟು, ಮೂರರಷ್ಟು ಎಂದು ಲೆಕ್ಕಕ್ಕೆ ಬರುತ್ತವೆ ಎಂದು ತೋರಿಸಿದರು. ಕರಣೆ ಹಾಕುವ ಕುಶಲಕರ್ಮಿಗೆ ಸಮೀಕರಣ ಗೊತ್ತಿರಲಿಲ್ಲ, ಕಿವಿ ಇತ್ತು. ಮಾಡ್ಯುಲರ್ ಮುಂದೆ ಕೂತು ಒಂದು ಆಸಿಲೇಟರಿಗೆ ಇನ್ನೊಂದನ್ನು ಎರಡರಷ್ಟು, ಮೂರರಷ್ಟು ಎಂದು ಹೊಂದಿಸುವಾಗಲೂ ಅದೇ ಕಿವಿ ಬೇಕು.

ಪ್ರಯೋಗ ಎಂಬ ಮಾತಿಗೆ ನಮ್ಮಲ್ಲಿ ಹೆದರುವವರಿದ್ದಾರೆ, ಅದರಲ್ಲೂ ಯಕ್ಷಗಾನದ ವಿಷಯದಲ್ಲಿ. ಆದರೆ ಕೋಟ ಶಿವರಾಮ ಕಾರಂತರು ಹುಟ್ಟಿದ ನೆಲ ಇದು. ತಮ್ಮ ಯಕ್ಷರಂಗದ ಪ್ರದರ್ಶನಗಳಿಗೆ ಅವರು ವಯಲಿನ್, ಸ್ಯಾಕ್ಸೊಫೋನ್ ತಂದಾಗ ಹುಬ್ಬೇರಿಸಿದವರು ಬಹಳ ಜನ. ಇಂದು ಕರಾವಳಿಯ ದೇವಸ್ಥಾನದ ಉತ್ಸವಕ್ಕೂ ಮದುವೆಯ ದಿಬ್ಬಣಕ್ಕೂ ಸ್ಯಾಕ್ಸೊಫೋನ್ ಇಲ್ಲದೆ ಆಗುವುದಿಲ್ಲ. ಬಂಟ್ವಾಳದ ಬಾಬುಕೋಡಿಯ ಬಿ.ವಿ. ಕಾರಂತರು ನಾಟಕ, ಸಿನಿಮಾಗಳ ಸಂಗೀತಕ್ಕೆ ಕಲ್ಲು, ಗೆರಟೆ, ಮನುಷ್ಯರ ಗಂಟಲಿನ ಸದ್ದು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ವಾದ್ಯ ಮಾಡಿದರು. 'ಋಷ್ಯಶೃಂಗ', 'ಘಟಶ್ರಾದ್ಧ' ಸಿನಿಮಾಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸದ್ದಿಗೂ ನಾದಕ್ಕೂ ನಡುವೆ ಬೇಲಿ ಇಲ್ಲ ಎಂದು ಕನ್ನಡದಲ್ಲಿ ಅವರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಇನ್ನೊಬ್ಬರಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಕಾಲಕ್ಕೆ ಬಂದರೆ ಬಸ್ರೂರು. ಹಳೆಯ ಬಂದರಿನ ಆ ಊರಲ್ಲಿ ಕಮ್ಮಾರಸಾಲೆಯ ಮನೆಯ ಹುಡುಗ ಕಿರಣ್, ಕಷ್ಟಕಾಲದಲ್ಲಿ ಕೀಬೋರ್ಡ್ ಕೊಳ್ಳಲು ಹಣ ಕೊಟ್ಟವರ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡು ರವಿ ಬಸ್ರೂರು ಆದದ್ದು ಎಲ್ಲರಿಗೂ ಗೊತ್ತಿರುವ ಕತೆ. 2014ರ 'ಉಗ್ರಂ', 2018ರ 'ಕೆಜಿಎಫ್' ಸಿನಿಮಾಗಳ ಸಂಗೀತ ಅವರನ್ನು ದೇಶಕ್ಕೆ ಪರಿಚಯಿಸಿತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ತಂದೆಯ ಜೊತೆ ಕುಲುಮೆಯ ಮುಂದೆ ಕೂತು ಕೆಲಸ ಮಾಡಿದ್ದನ್ನು ಜನ ವಿಡಿಯೊದಲ್ಲಿ ನೋಡಿದರು. ಅವರ ಹಿನ್ನೆಲೆ ಸಂಗೀತದಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಭಾರ ನನಗಂತೂ ಕೇಳುತ್ತದೆ. ಅವರದ್ದು ಸಿನಿಮಾಕ್ಕೆ ಮಾಡಿದ ಸಂಗೀತ, ಮಾಡ್ಯುಲರ್ ಪಂಥದ ಪ್ರಯೋಗವಲ್ಲ. ಆದರೂ ಅವರು ಒಂದು ದೊಡ್ಡ ಸಂಶಯವನ್ನು ಕಳೆದರು. ಎಲೆಕ್ಟ್ರಾನಿಕ್ ಧ್ವನಿಯ ಕೆಲಸಕ್ಕೆ ಮುಂಬೈಯೇ ಆಗಬೇಕು, ಚೆನ್ನೈಯೇ ಆಗಬೇಕು ಎಂಬ ಮಾತಿಗೆ ಉತ್ತರವಾಗಿ ಬಸ್ರೂರಿನಲ್ಲೇ ಸ್ಟುಡಿಯೊ ಎದ್ದಿತು. ಕುಂದಾಪ್ರ ಕನ್ನಡದಲ್ಲೇ 'ಗರ್‌ಗರ್ ಮಂಡ್ಲ', 'ಬಿಲಿಂಡರ್' ಸಿನಿಮಾಗಳೂ ಬಂದವು.

ಪ್ರಯೋಗಶೀಲರ ಗುಂಪು ಸದ್ಯಕ್ಕೆ ಇರುವುದು ಬೆಂಗಳೂರಿನಲ್ಲಿ. ಯಶಸ್ ಶೆಟ್ಟಿ ಮೊದಲಾದವರು ಕಟ್ಟಿಕೊಂಡ ಇಂಡಿಯನ್ ಸಾನಿಕ್ ರಿಸರ್ಚ್ ಆರ್ಗನೈಸೇಷನ್ ಅಂಥದೊಂದು ಬಳಗ. ಕೈಯಾರೆ ಸರ್ಕ್ಯೂಟ್ ಬೆಸೆದು ವಾದ್ಯ ಮಾಡಿಕೊಳ್ಳುವುದು ಇಂಥ ಬಳಗಗಳ ಹಾದಿ.

ಕುಂದಾಪುರದಲ್ಲಿ ಕೂತು ಇದನ್ನು ಮಾಡುವುದು ಹೇಗೆ? ಹೊರದೇಶದ ಪಟ್ಟಿಗಳಿಗೆ ಬೆಲೆ ಹೆಚ್ಚು, ಮೇಲೆ ಸಾಗಣೆ, ಸುಂಕ. ನಾನು ಅದಕ್ಕೆ ಹೋಗಲಿಲ್ಲ. ವಿಸಿವಿ ರ‍್ಯಾಕ್ ಎಂಬ ತಂತ್ರಾಂಶ 2017ರಿಂದ ಉಚಿತವಾಗಿ ಸಿಗುತ್ತಿದೆ. ಯೂರೋರ‍್ಯಾಕ್ ಪಟ್ಟಿಗಳನ್ನೇ ಲ್ಯಾಪ್‌ಟಾಪ್ ತೆರೆಯ ಮೇಲೆ ಜೋಡಿಸಿ, ಮೌಸಿನಿಂದ ವಯರು ಎಳೆಯಬಹುದು. ಮೊದಲ ವಾರ ಬರೀ ಗುಂಯ್‌ಗುಡಿಸಿದೆ. ಎರಡನೇ ವಾರ ತಾಳಕ್ಕೆ ಕೈ ಹಾಕಿದೆ. ಒಂದು ಸೀಕ್ವೆನ್ಸರಿಗೆ ಏಕತಾಳದ ನಾಲ್ಕು ಅಕ್ಷರ, ಇನ್ನೊಂದಕ್ಕೆ ತ್ರಿಪುಡೆಯ ಏಳು. ಕ್ಲಾಕ್ ಒಂದೇ. ಎರಡೂ ಒಟ್ಟಿಗೆ ಹೊರಟು, ಬೇರೆಯಾಗಿ, 28 ಅಕ್ಷರ ಮುಗಿದಾಗ ಮತ್ತೆ ಒಂದೇ ಪೆಟ್ಟಿನ ಮೇಲೆ ಬಂದು ನಿಲ್ಲುತ್ತವೆ. ನಡುವೆ ಅವು ತಾಗುವ, ತಪ್ಪಿಸಿಕೊಳ್ಳುವ ಜಾಗಗಳಲ್ಲಿ ಯಾರೂ ಬರೆಯದ ನಡೆಗಳು ಹುಟ್ಟಿದವು. ಅರ್ಧ ಗಂಟೆ ಕೈಕಟ್ಟಿ ಕೂತು ಕೇಳಿದೆ. ಬೇಲಿಯಾಚೆಯಿಂದ ನೆರೆಮನೆಯವರು ಕೂಗಿದರು: 'ಹ್ವಾಯ್, ಇದೆಂತ ಶಬ್ದ? ಬೋಟಿನ್ ಇಂಜಿನ್ನಾ?' ಅವರ ಕಿವಿ ಸರಿಯಾಗಿಯೇ ಇತ್ತು. ಗಂಗೊಳ್ಳಿ ಅಳಿವೆಯಿಂದ ಎರಡು ಬೋಟು ಒಟ್ಟಿಗೆ ಹೊರಟಾಗ ಇಂಜಿನ್‌ಗಳ ಬಡಿತ ಹೀಗೆಯೇ ಕೂಡಿ ಅಗಲುತ್ತದೆ. ನಾಲ್ಕು ಮತ್ತು ಏಳು ಎಂದು ಹೆಸರಿಡದೆ ಅವರು ಅದನ್ನು ವರ್ಷಗಟ್ಟಲೆ ಕೇಳಿದ್ದರು.

ಇನ್ನೊಂದು ಸಾಧನ ಪೀಜೋ ಬಿಲ್ಲೆ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಹಿತ್ತಾಳೆಯ ಬಿಲ್ಲೆ ಅದು, ಬಜರ್ ಒಳಗೆ ಇರುತ್ತದೆ. ಎರಡು ವಯರು ಬೆಸೆದು ರೆಕಾರ್ಡರಿಗೆ ಸಿಕ್ಕಿಸಿದರೆ ಅದೇ ಮೈಕು. ಗಾಳಿಯಲ್ಲಿ ಬರುವ ಧ್ವನಿ ಅದಕ್ಕೆ ಕೇಳದು, ಅಂಟಿಸಿದ ವಸ್ತುವಿನ ಮೈಯೊಳಗಿನ ಕಂಪನ ಮಾತ್ರ ಕೇಳುತ್ತದೆ. ನಾನು ಅದನ್ನು ಬಾವಿಯ ರಾಟೆಯ ಅಡ್ಡಮರಕ್ಕೆ ಟೇಪು ಸುತ್ತಿ ಕಟ್ಟಿದೆ. ಹೊರಗೆ ಬರೀ ಕಿರ್ ಎನ್ನುವ ರಾಟೆ, ಮರದ ಒಳಗಿನಿಂದ ಕೇಳಿದರೆ ದೊಡ್ಡ ತಿಮಿಂಗಿಲ ನರಳಿದ ಹಾಗೆ. ಕೊಡಪಾನ ನೀರು ಮುಟ್ಟಿದ ಕ್ಷಣ ಹಗ್ಗ ಸಡಿಲಾಗಿ ಆ ನರಳಾಟ ಒಮ್ಮೆಲೇ ನಿಲ್ಲುತ್ತದೆ, ತುಂಬಿದ ಕೊಡ ಎಳೆಯುವಾಗ ಒಂದು ಸ್ವರ ಕೆಳಗಿಳಿದು ಮತ್ತೆ ಶುರುವಾಗುತ್ತದೆ. ಈ ಒಂದು ನಿಮಿಷದ ರೆಕಾರ್ಡಿಂಗನ್ನು ಫಿಲ್ಟರಿನಲ್ಲಿ ಸೋಸಿ, ನಾಲ್ಕರಷ್ಟು ನಿಧಾನ ಮಾಡಿ, ಬಿಳಿ ಐದರ ಆಸಿಲೇಟರಿನ ಮೇಲೆ ಇಟ್ಟೆ. ಅದಕ್ಕಿಂತ ಚೆಂದದ್ದನ್ನು ನಾನು ಈವರೆಗೆ ಮಾಡಿಲ್ಲ.

ಮರವಂತೆಗೆ ಹೋದವರು ಫೋಟೊ ತೆಗೆದು ಬರುತ್ತಾರೆ. ಒಮ್ಮೆ ಕಣ್ಣು ಮುಚ್ಚಿ ನಿಲ್ಲಬೇಕು. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಕಡಲಿನದು ಎಲ್ಲ ಕಂಪನಗಳೂ ಬೆರೆತ ಸದ್ದು. ಸಿಂಥಸೈಜರಿನಲ್ಲಿ ನಾಯ್ಸ್ ಎಂಬ ಪಟ್ಟಿ ಹುಟ್ಟಿಸುವುದು ಇಂಥದನ್ನೇ. ಕಡಲಿನ ಕಡೆಯಿಂದ ಹೊಳೆಯ ಬದಿಗೆ ದಾಟಿ ದಂಡೆ ಇಳಿದರೆ ರಸ್ತೆಯ ಏರಿ ಮೇಲಿನ ಚುರುಕು ಸದ್ದುಗಳನ್ನು ತಡೆಯುತ್ತದೆ, ತಗ್ಗಿನ ಗುಡುಗು ಮಾತ್ರ ಏರಿ ಬಳಸಿ ಬರುತ್ತದೆ. ಫಿಲ್ಟರ್ ಎಂದರೇನು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ. ಇನ್ನೂ ನಿಧಾನದ ಅಲೆ ಬೇಕೆಂದರೆ ಗಂಗೊಳ್ಳಿಯ ಪಂಚಗಂಗಾವಳಿ ಅಳಿವೆಯಿದೆ; ಅಲ್ಲಿ ನೀರು ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ತೆಗೆದುಕೊಳ್ಳುತ್ತದೆ. ಆ ಏರಿಳಿತವನ್ನೇ ಅಳೆದು ವೋಲ್ಟೇಜು ಮಾಡಿ ಒಂದು ಆಸಿಲೇಟರಿಗೆ ಕೊಟ್ಟರೆ, ಅರ್ಧ ದಿನದಲ್ಲಿ ಒಂದು ಸಪ್ತಕ ಏರಿ ಇಳಿಯುವ ಸ್ವರ ಸಿಗುತ್ತದೆ. ನೀರಿನ ಮಟ್ಟ ಅಳೆಯುವ ಸೆನ್ಸರ್, ಆರ್ಡುಯಿನೊ ಬೋರ್ಡು ಎರಡೂ ಇಂದು ಡಿಪ್ಲೊಮಾ ವಿದ್ಯಾರ್ಥಿಗಳ ಕೈಗೆಟಕುತ್ತವೆ. ಪ್ರಾಜೆಕ್ಟ್ ಎಂದು ಸ್ವಯಂಚಾಲಿತ ದೀಪ ಮಾಡುವ ನಮ್ಮ ಹುಡುಗರು ಹುಡುಗಿಯರು ಒಮ್ಮೆ ಇದನ್ನು ಮಾಡಿ ನೋಡಲಿ ಎಂದು ನನ್ನ ಆಸೆ.

ತೊಂದರೆಗಳಿವೆ. ಕಡಲ ಬದಿಯ ಉಪ್ಪುಗಾಳಿಗೆ ವಯರಿನ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಎರಡು ಮಳೆಗಾಲ ಕಳೆದರೆ ಸಂಪರ್ಕ ಕರಕರ ಎನ್ನುತ್ತದೆ. ನಿಜವಾದ ಅನಲಾಗ್ ಆಸಿಲೇಟರುಗಳು ಸೆಕೆ ಹೆಚ್ಚಾದಂತೆ ಶ್ರುತಿ ಬಿಡುತ್ತವೆ. ಇದನ್ನು ಕೇಳಿ ಹೆದರಬೇಕಿಲ್ಲ. ಮದ್ದಲೆಯೂ ಥಂಡಿಗೆ ಇಳಿಯುತ್ತದೆ, ಚಂಡೆಯನ್ನೂ ಬಿಗಿದುಕೊಳ್ಳುತ್ತಲೇ ಇರಬೇಕು. ಆಟದ ನಡುವೆ ಶ್ರುತಿ ನೋಡಿಕೊಳ್ಳುವುದು ಹಿಮ್ಮೇಳದವರಿಗೆ ದಿನದ ಕೆಲಸ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಡಕ್ಕೆಬಲಿಯ, ದೈವದ ಕೋಲದ ಧ್ವನಿಗಳನ್ನು ಫೋನಿನಲ್ಲಿ ಹಿಡಿದು ತಂದು ಯಂತ್ರಕ್ಕೆ ತುಂಬಿ ಕುಣಿತದ ಹಾಡು ಮಾಡುವುದು ಸಲ್ಲದು. ಆ ಧ್ವನಿಗೆ ಹೊಣೆಗಾರರಿದ್ದಾರೆ, ಅವರನ್ನು ಕೇಳಬೇಕು, ಬೇಡ ಎಂದರೆ ಬಿಡಬೇಕು. ಡಕ್ಕೆಯಿಂದ ಕಲಿಯಬೇಕಾದದ್ದು ಬಿಗಿಯುವ ಕೈಯ ವಿದ್ಯೆ. ಹಾಗೆಯೇ 'ಇಂಡಿಯನ್' ಎಂಬ ಗುಂಡಿ ಒತ್ತಿದರೆ ಸಿತಾರು, ತಬಲ ಬರುವ ಸಿದ್ಧ ಪ್ಯಾಕೇಟುಗಳೂ ಬೇಡ. ಅವನ್ನು ಬಳಸಿದವರ ಹಾಡುಗಳೆಲ್ಲ ಒಂದೇ ಊರಿನಿಂದ ಬಂದ ಹಾಗೆ ಇರುತ್ತವೆ, ಆ ಊರು ಎಲ್ಲೂ ಇಲ್ಲ. ನಮ್ಮ ಸಂಗೀತದಲ್ಲಿ ನಮ್ಮ ಬಾವಿಯ ರಾಟೆ ಕೇಳಬೇಕು.

ಈಗ ಅಹಮದಾಬಾದಿನ ಕತೆಯ ಕೊನೆ. ಸ್ಟುಡಿಯೊ ನಿಂತ ಮೇಲೆ ಅಲ್ಲಿ ಮಾಡಿದ ಸಂಗೀತದ ಟೇಪುಗಳು ಸಂಸ್ಥೆಯಲ್ಲೇ ಮರೆತುಹೋದವು. ಸುಮಾರು 45 ವರ್ಷ ಯಾರೂ ಮುಟ್ಟಲಿಲ್ಲ. 2017ರಲ್ಲಿ ಪಾಲ್ ಪರ್ಗಾಸ್ ಎಂಬ ಬ್ರಿಟನ್ನಿನ ಕಲಾವಿದ ಹುಡುಕಿಕೊಂಡು ಬಂದಾಗ ಅವು ಸಿಕ್ಕಿದವು. ಶುಚಿ ಮಾಡಿ, ಡಿಜಿಟಲ್ ಮಾಡಿ, 2023ರಲ್ಲಿ ಆಲ್ಬಮ್ ಆಗಿ ಹೊರತಂದರು. ಭಾರತದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆ ಅಲ್ಲಿಂದ ಹೊಸದಾಗಿ ಬರೆಯಬೇಕಾಯಿತು. ಟೇಪುಗಳನ್ನು ಯಾರೋ ಗುಜರಿಗೆ ಹಾಕಿದ್ದರೆ ಗೀತಾ ಸಾರಾಭಾಯಿ ಮೂಗ್ ಮುಂದೆ ಕೂತಿದ್ದರು ಎಂಬುದು ಬರೀ ದಂತಕತೆಯಾಗಿ ಉಳಿಯುತ್ತಿತ್ತು.

ನಮ್ಮ ಮೂರು ತಾಲ್ಲೂಕಿನ ಮನೆಗಳ ಅಟ್ಟದಲ್ಲೂ ಅಂಥ ಟೇಪುಗಳಿವೆ. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದಗಳನ್ನು ಯಾರೋ ರಂಗಸ್ಥಳದ ಬದಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟು, ಅಜ್ಜಿಯ ಶೋಭಾನೆ, ನಿಂತುಹೋದ ಹಂಚಿನ ಕಾರ್ಖಾನೆಯ ಕೂಗು, ಪುಂಗಿಯ ಶ್ರುತಿ ಹಿನ್ನೆಲೆಯಲ್ಲಿ ಉಳಿದ ಯಾವುದಾದರೂ ಹಳೆಯ ಸ್ಪೂಲು. ನಮ್ಮ ಹವೆಗೆ ಟೇಪಿನ ಮೇಲೆ ಬಿಳಿ ಬೂಷ್ಟು ಬರುತ್ತದೆ, ಬಂದ ಮೇಲೆ ಓಡಿಸಿದರೆ ಟೇಪೇ ಹಾಳಾಗುತ್ತದೆ. ದಯವಿಟ್ಟು ಬರುವ ಮಳೆಗಾಲಕ್ಕೆ ಮೊದಲು ಅವನ್ನು ಅಟ್ಟದಿಂದ ಇಳಿಸಿ, ಒಣ ಡಬ್ಬಿಯಲ್ಲಿ ಹಾಕಿ, ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ನೆನಪಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ.